ಬೆಟ್ಟದ ತುದಿಯಲ್ಲಿ ಒಬ್ಬ ಅತ್ತೆ

ಹೋದ ತಿಂಗಳು ಒಬ್ಬಾಕೆ ನನ್ನ ಎದುರಿಗೇ ಕೂತು, ನಾನೇ ಕೊಟ್ಟ ಕಾದಂಬರಿಯ ಬಗ್ಗೆ ಚಹಾ ಆರಿ ತಣ್ಣಗಾಗುವಷ್ಟು ಹೊತ್ತು ಮಾತಾಡಿದಳು. ಅವಳು ಹೇಳಿದ್ದರಲ್ಲಿ ಒಂದೇ ಒಂದು ಸಂಗತಿಯೂ ಆ ಕಾದಂಬರಿಯಲ್ಲಿಲ್ಲ.

ನಾನು ಬಾಯಿ ಮುಚ್ಚಿಕೊಂಡಿದ್ದೆ. ಈ ಅಂಕಣವನ್ನು ವಾರವಾರ ಓದುವವರಿಗೆ ಇದನ್ನು ನಂಬುವುದು ಕಷ್ಟ ಅಂತ ಗೊತ್ತು.

ಓದದ ಪುಸ್ತಕದ ಬಗ್ಗೆ ಮಾತಾಡುವವರನ್ನು ಕಂಡರೆ ನನಗೆ ಮೈಯೆಲ್ಲ ಉರಿಯುತ್ತದೆ. ಹೈದರಾಬಾದಿನ ದಿಲ್‌ಸುಖ್‌ನಗರದ ಒಂದು ಕೋಚಿಂಗ್ ಸೆಂಟರಿನಲ್ಲಿ ಗಣಿತ ಹೇಳಿಕೊಡುವವಳು ನಾನು. ಉತ್ತರ ಸರಿ ಇದ್ದರೂ ಸ್ಟೆಪ್ಸ್ ಇಲ್ಲದಿದ್ದರೆ ಅಂಕ ಕೊಡುವುದಿಲ್ಲ. (ಮಕ್ಕಳು ನನಗೊಂದು ಅಡ್ಡಹೆಸರು ಇಟ್ಟಿದ್ದಾರೆ. ತೆಲುಗಿನಲ್ಲಿದೆ. ಅನುವಾದ ಮಾಡುವುದಿಲ್ಲ.)

ಕುಷಾಯಿಗೂಡದಲ್ಲಿ ನಮ್ಮದೊಂದು ಓದುಗರ ಗುಂಪಿದೆ. ತಿಂಗಳಿಗೊಂದು ಭಾನುವಾರ ಯಾರಾದರೊಬ್ಬರ ಮನೆಯಲ್ಲಿ ಸೇರುತ್ತೇವೆ. ಅಲ್ಲಿನ ಸರ್ಕಾರಿ ಕಾರ್ಖಾನೆಯಲ್ಲಿ ದುಡಿದು ನಿವೃತ್ತರಾದ ಕನ್ನಡದವರು, ಅವರ ಹೆಂಡತಿಯರು, ಈಗ ಗಚ್ಚಿಬೌಲಿಯ ಗಾಜಿನ ಕಟ್ಟಡಗಳಿಗೆ ಕೆಲಸಕ್ಕೆ ಹೋಗುವ ಅವರ ಸೊಸೆಯಂದಿರು. ಪ್ರತಿಯೊಬ್ಬರೂ ತಾವು ಈಗ ಓದುತ್ತಿರುವ ಪುಸ್ತಕದ ಬಗ್ಗೆ ಎರಡು ಮಾತು ಹೇಳಬೇಕು.

ಇದರಲ್ಲೊಂದು ತೊಡಕಿದೆ. ಹೈದರಾಬಾದಿನಲ್ಲಿ ಕನ್ನಡ ಪುಸ್ತಕ ಸಿಗುವುದು ಅಪರೂಪ. ಊರಿಗೆ ಹೋದವರು ತಂದ ಒಂದೇ ಪ್ರತಿ ಮನೆಯಿಂದ ಮನೆಗೆ ತಿರುಗುತ್ತದೆ. ಹಾಗಾಗಿ ಒಬ್ಬರು ಓದುತ್ತಿರುವುದನ್ನು ಉಳಿದವರು ಕಣ್ಣಿಂದಲೂ ಕಂಡಿರುವುದಿಲ್ಲ. ಯಾರು ಏನು ಹೇಳಿದರೂ ತಲೆಯಾಡಿಸುವುದಲ್ಲದೆ ಬೇರೆ ದಾರಿಯಿಲ್ಲ.

ನಾನು ಮಾತ್ರ ತಲೆಯಾಡಿಸುವುದಿಲ್ಲ. ಒಮ್ಮೆ ನಮ್ಮ ಗುಂಪಿನ ಕುಲಕರ್ಣಿಯವರು ಒಂದು ಕಾದಂಬರಿಯನ್ನು ಬಾಯ್ತುಂಬ ಹೊಗಳಿದರು. ಬರೀ ಬೆನ್ನುಡಿ ಓದಿಕೊಂಡು ಬಂದಿದ್ದಾರೆ ಅಂತ ಎರಡನೇ ವಾಕ್ಯಕ್ಕೇ ತಿಳಿಯಿತು. ನಾಯಕನ ಹೆಂಡತಿಯ ಹೆಸರೇನು ಸರ್, ಅಂತ ಕೇಳಿದೆ. ಆಮೇಲೆ ಅವರು ಕೆಲವು ತಿಂಗಳು ಬರಲಿಲ್ಲ. ಮೊಣಕಾಲು ನೋವು ಅಂತ ಹೇಳಿ ಕಳಿಸಿದರು.

ಈಗ ಸವಿತಾಳ ವಿಷಯಕ್ಕೆ ಬರೋಣ.

ಸವಿತಾ ನಮ್ಮ ಗುಂಪಿನ ಗೌರಕ್ಕನ ಸೊಸೆ. ಗದಗಿನ ಹುಡುಗಿ, ಗಚ್ಚಿಬೌಲಿಯಲ್ಲಿ ಸಾಫ್ಟ್‌ವೇರ್ ಕೆಲಸ. ಕುಷಾಯಿಗೂಡ ಹೈದರಾಬಾದಿನ ಒಂದು ತುದಿ, ಗಚ್ಚಿಬೌಲಿ ಇನ್ನೊಂದು ತುದಿ. ಮಗಳು ಏಳುವ ಮೊದಲು ಕ್ಯಾಬ್ ಹತ್ತುತ್ತಾಳೆ, ಮಗಳು ಮಲಗಿದ ಮೇಲೆ ಇಳಿಯುತ್ತಾಳೆ. ಆಫೀಸಿನ ಹತ್ತಿರವೇ ಒಂದು ಬಾಡಿಗೆ ಫ್ಲ್ಯಾಟ್ ನೋಡಿಟ್ಟಿದ್ದಳು. ಅತ್ತೆಗೆ ಹೇಳಿರಲಿಲ್ಲ. ಈಗಿರುವ ಮನೆ ಗೌರಕ್ಕನ ಗಂಡ ಬದುಕಿದ್ದಾಗ ಕಟ್ಟಿಸಿದ್ದು. "ಅವ್ವ ಈ ಮನಿ ಬಿಟ್ಟು ಎಲ್ಲೂ ಬರೂದಿಲ್ಲ, ಆ ಮಾತು ತಗೀಬ್ಯಾಡ" ಅಂತ ಸವಿತಾಳ ಗಂಡನ ಅಪ್ಪಣೆಯಾಗಿತ್ತು.

ಇದನ್ನೆಲ್ಲ ಅವಳು ಅಡುಗೆಮನೆಯಲ್ಲಿ ಚಹಾ ಸೋಸುತ್ತ ನನಗೆ ಹೇಳಿದ್ದಳು. ಮಗಳು ಈಗ ಅಜ್ಜಿಯನ್ನೇ ಅವ್ವ ಅನ್ನುತ್ತಾಳೆ ಅಂತಲೂ ಹೇಳಿದಳು. ಹೇಳಿ ನಕ್ಕಳು. ನನಗೆ ನಗು ಬರಲಿಲ್ಲ.

ಸಮಾಧಾನ ಹೇಳುವುದು ನನಗೆ ಬರುವುದಿಲ್ಲ. ಪುಸ್ತಕ ಕೊಟ್ಟೆ. ಬೆಟ್ಟದ ತುದಿಯ ಹವಾಮಾನ ಕಚೇರಿಯಲ್ಲಿ ಒಬ್ಬನೇ ಕೂತು ಗಾಳಿ ಅಳೆಯುವ ನೌಕರನ ಕಥೆ ಅದು. ಇಡೀ ಕಾದಂಬರಿಯಲ್ಲಿ ಇನ್ನೊಂದು ನರಪಿಳ್ಳೆ ಇಲ್ಲ. ಒಂದು ನಾಯಿ ಇದೆ. ಅದೂ ಗಂಡು.

"ಕ್ಯಾಬಿನಲ್ಲಿ ಓದು. ಮನಸ್ಸಿಗೆ ತಂಪಾಗುತ್ತೆ," ಅಂದೆ.

ಹೋದ ತಿಂಗಳ ಸಭೆ ಗೌರಕ್ಕನ ಮನೆಯಲ್ಲೇ ಇತ್ತು. ಸವಿತಾಳ ಸರದಿ ಬಂತು.

"ಕಾದಂಬರಿ ಭಾಳ ಛಲೋ ಐತ್ರಿ," ಅಂತ ಶುರು ಮಾಡಿದಳು. "ಇದರಾಗ ಒಬ್ಬಾಕಿ ಸೊಸಿ ಅದಾಳ."

ನನ್ನ ಕೈಯಲ್ಲಿದ್ದ ಚಕ್ಕುಲಿ ಅರ್ಧ ದಾರಿಯಲ್ಲೇ ನಿಂತಿತು.

"ಆಕಿ ಕೆಲಸ ಭಾಳ ದೂರ ಐತಿ. ಅಲ್ಲೇ ಹತ್ತರ ಮನಿ ಹಿಡೀಬೇಕಂತಾಳ. ಆದ್ರ ಅತ್ತಿ ಮುಂದ ಹೇಳಾಕ ಅಂಜಿಕಿ. ಅತ್ತಿನ್ನ ಬಿಟ್ಟು ಹೋಗಾಕ ಮನಸಿಲ್ಲ, ಬರ್ರಿ ಅನ್ನಾಕ ಧೈರ್ಯ ಇಲ್ಲ. ನಾ ಅಲ್ಲೀತನಾ ಓದೀನ್ರಿ. ಮುಂದ ಏನಾಗತೈತೋ ಗೊತ್ತಿಲ್ಲ."

ಕ್ಯಾಬಿನಲ್ಲಿ ನಿದ್ದೆ ಹೊಡೆದಿದ್ದಾಳೆ. ಒಂದು ಪುಟ ತಿರುವಿಲ್ಲ. ಆ ನಾಯಿಯ ಹೆಸರೇನಮ್ಮ, ಅಂತ ಕೇಳಲು ಬಾಯಿ ತೆರೆದೇಬಿಟ್ಟೆ. ಅಷ್ಟರಲ್ಲಿ ಅವಳ ಮುಖ ಕಂಡಿತು. ಕೊನೆಯ ಗಂಟೆ ಹೊಡೆದರೂ ಉತ್ತರಪತ್ರಿಕೆ ಬಿಡದ ಮಕ್ಕಳ ಮುಖ ಹಾಗಿರುತ್ತದೆ. ತೆರೆದ ಬಾಯಿಗೆ ಚಕ್ಕುಲಿ ಹಾಕಿಕೊಂಡೆ.

ಉಳಿದವರು ಎಂದಿನಂತೆ ತಲೆಯಾಡಿಸಿದರು. "ಇಂಥಾ ಕತಿ ಮನಿಮನ್ಯಾಗ ಐತ್ರಿ," ಅಂದರು ಕುಲಕರ್ಣಿಯವರು. (ಮೊಣಕಾಲು ವಾಸಿಯಾಗಿತ್ತು.)

ಮಾತು ಬೇರೆ ಕಡೆ ಹೊರಳಲಿ ಅಂತ, ಪಕ್ಕದಲ್ಲಿದ್ದ ಗೌರಕ್ಕನನ್ನು ಕೇಳಿದೆ. "ನೀವೇನು ಓದ್ತಿದೀರಿ ಗೌರಕ್ಕ?"

"ನಾನೂ ಅದನ್ನ ಓದಾಕತ್ತೀನ್ರಿ," ಅಂದರು. "ಮಧ್ಯಾಹ್ನ ಪುಸ್ತಕ ಮನ್ಯಾಗ ಇರತೈತಿ."

ಕ್ಯಾಬಿನಲ್ಲಿ ಓದುವ ಪುಸ್ತಕ ಮಧ್ಯಾಹ್ನ ಮನೆಯಲ್ಲಿ ಹೇಗಿರುತ್ತದೆ? ಯಾರೂ ಕೇಳಲಿಲ್ಲ. ಸವಿತಾ ಬಿಳಿಚಿಕೊಂಡಿದ್ದಳು.

"ಆ ಅತ್ತಿಗೆ ಒಂದು ಸಿಟ್ಟೈತ್ರಿ," ಅಂತ ಗೌರಕ್ಕ ಮುಂದುವರಿಸಿದರು. ಹಾಗಾದರೆ ಇವರೂ ಓದಿಲ್ಲ ಅಂದುಕೊಂಡೆ. "ಮುದುಕಿ ಬರೂದಿಲ್ಲ ಅಂತ ಎಲ್ಲಾರೂ ತಾವ ತಿಳಕೊಂಡು ಕುಂತಾರ. ಆಕಿನ್ನ ಒಬ್ಬರರ ಕೇಳ್ಯಾರೇನು?"

ಸವಿತಾ ಕೈಯಲ್ಲಿದ್ದ ಲೋಟ ಕೆಳಗಿಟ್ಟಳು. "ಕೇಳಿದ್ರ ಆಕಿ ಏನಂತಾಳ್ರಿ ಅತ್ಯಾರ?"

"ಏನಂತಾಳ. ಆ ಹೊಸಾ ಮನ್ಯಾಗ ಹಪ್ಪಳ ಒಣಗಸಾಕ ಬಿಸಲು ಬೀಳತೈತೇನು ಅಂತ ಕೇಳತಾಳ."

"ಬೀಳತೈತ್ರಿ. ಬಾಲ್ಕನಿ ಪೂರ್ವಕ್ಕ ಐತಿ." ಆಮೇಲೆ ಸೇರಿಸಿದಳು, "ನಾ ಒಂದೀಟು ಮುಂದ ಓದೀನ್ರಿ." (ಮುಂದೇನೋ ಗೊತ್ತಿಲ್ಲ ಅಂದವಳು ಇವಳೇ.)

"ಮತ್ತ ಆಕಿ ಗೆಳತ್ಯಾರು? ತಿಂಗಳಾ ತಿಂಗಳಾ ಒಂದು ಸಭಾ ಐತಿ ಆಕಿಗೆ."

"ಸಭಾಕ ಆಕಿನ್ನ ಸೊಸಿನ ಕರಕೊಂಡು ಬರತಾಳ್ರಿ. ಒಂದೂ ತಪ್ಪಸೂದಿಲ್ಲ."

"ಹಂಗಾದ್ರ ಮುದುಕಿ ಹೋಗತಾಳ ಬಿಡು," ಅಂದರು ಗೌರಕ್ಕ. ಚಕ್ಕುಲಿ ತಟ್ಟೆಯನ್ನು ಕುಲಕರ್ಣಿಯವರ ಕಡೆ ತಳ್ಳಿದರು.

ಸವಿತಾಳ ಗಂಡನೂ ಅಲ್ಲೇ ಇದ್ದ. ಇಷ್ಟೂ ಹೊತ್ತು ಸೀಲಿಂಗ್ ಫ್ಯಾನ್ ನೋಡುತ್ತಿದ್ದ.

ನನಗೆ ಸಿಟ್ಟು ಬಂದಿತ್ತು, ಇಲ್ಲ ಅನ್ನುವುದಿಲ್ಲ. ಬೆಟ್ಟದ ಮೇಲೆ ಬಾಲ್ಕನಿ ಎಲ್ಲಿಂದ ಬಂತು? ಆದರೆ ಒಂದೇ ಸೂರಿನಡಿ ಇರುವ ಇಬ್ಬರು ಹೆಂಗಸರು ಒಂದು ಮಾತು ಆಡಿಕೊಳ್ಳಲು, ಪುಸ್ತಕದಲ್ಲಿ ಇಲ್ಲದ ಮುದುಕಿಯೊಬ್ಬಳನ್ನು ನಡುವೆ ಕೂರಿಸಿಕೊಳ್ಳಬೇಕಾಯಿತಲ್ಲ ಅಂತ ಸಂಕಟವಾಯಿತು. ಕೂರಿಸಿಕೊಂಡರಲ್ಲ ಅಂತ ಸಂತೋಷವೂ ಆಯಿತು.

ಅಷ್ಟಕ್ಕೂ, ಪುಸ್ತಕದ ಬಗ್ಗೆ ಅಭಿಪ್ರಾಯ ಹೇಳುವಾಗ ನಾವು ನಿಜಕ್ಕೂ ಯಾರ ಬಗ್ಗೆ ಹೇಳುತ್ತಿರುತ್ತೇವೆ? "ನಾಯಕ ಶುದ್ಧ ಜಿಪುಣ" ಅನ್ನುವ ಹೆಂಡತಿ ಯಾರ ಕಡೆ ನೋಡಿಕೊಂಡು ಹೇಳುತ್ತಾಳೆ? "ಇದನ್ನು ನೀನು ಓದಲೇಬೇಕು" ಅಂತ ಬೆನ್ನು ಹತ್ತುವ ಗೆಳೆಯ ಯಾವ ಮಾತನ್ನು ನುಂಗಿಕೊಂಡಿದ್ದಾನೆ? ಲೆಕ್ಕಕ್ಕಾದರೆ ಸ್ಟೆಪ್ಸ್ ಕೇಳಬಹುದು. ಇದಕ್ಕೆ ಏನಂತ ಕೇಳುವುದು?

ಸಭೆ ಮುಗಿದಾಗ ಕುಲಕರ್ಣಿಯವರು ನನ್ನನ್ನು ಬದಿಗೆ ಕರೆದರು. "ಆ ಪುಸ್ತಕ ಮುಂದ ನನಗ ಬೇಕ್ರಿ. ನಮ್ಮ ಮನ್ಯಾಗ ಎಲ್ಲಾರಿಗೂ ಓದಸಬೇಕಾಗೇತಿ."

ಆಗಲಿ ಅಂದೆ.

ಹೋದ ವಾರ ಗಚ್ಚಿಬೌಲಿಯ ಹೊಸ ಮನೆಗೆ ಹೋಗಿದ್ದೆ. ಗೌರಕ್ಕ ಬಾಲ್ಕನಿಯಲ್ಲಿ ಒಣಗಿದ ಹಪ್ಪಳ ಎತ್ತಿಡುತ್ತಿದ್ದರು. (ಬಾಲ್ಕನಿಯಲ್ಲಿ ಏನನ್ನೂ ಒಣಗಿಸಬಾರದು ಅಂತ ಅಪಾರ್ಟ್‌ಮೆಂಟಿನವರ ನಿಯಮ. ಗೌರಕ್ಕ ಅಲ್ಲಿನ ಕಾರ್ಯದರ್ಶಿಯ ಮನೆಗೆ ಒಂದು ಡಬ್ಬಿ ಹಪ್ಪಳ ಕಳಿಸಿದರಂತೆ. ಆಮೇಲೆ ನಿಯಮದ ಸುದ್ದಿ ಇಲ್ಲ.) ಸವಿತಾ ಆಫೀಸಿನಿಂದ ಬಂದಾಗಿತ್ತು. ಮಗಳಿಗೆ ಜಡೆ ಹಾಕುತ್ತಿದ್ದಳು. ಹೊರಗೆ ಇನ್ನೂ ಬೆಳಕಿತ್ತು.

ಹೊರಟಾಗ ಗೌರಕ್ಕ ಪುಸ್ತಕ ತಂದುಕೊಟ್ಟರು. ಹರಿಯಬಾರದು ಅಂತ ಹಳೇ ಕ್ಯಾಲೆಂಡರಿನ ಹಾಳೆಯ ರಟ್ಟು ಹಾಕಿದ್ದರು. ಲಿಫ್ಟಿನವರೆಗೂ ಬಂದರು.

"ಛಲೋ ಐತ್ರಿ ಟೀಚರ್," ಅಂದರು. "ಆದ್ರ ಕಡೀಕ ಆ ನಾಯಿ ಬೆಟ್ಟ ಇಳದು ಹೋಗಬಾರದಿತ್ತು. ಅವತ್ತು ನನಗ ಊಟನ ಸೇರಲಿಲ್ಲ."

ಲಿಫ್ಟಿನೊಳಗೆ ಕಾಲಿಟ್ಟವಳು ತಿರುಗಿ ನೋಡಿದೆ. "ಯಾವಾಗ ಓದಿದ್ರಿ ಗೌರಕ್ಕ?"

"ನಮ್ಮನ್ಯಾಗ ಸಭಾ ಆತಲ್ಲ, ಅದರ ಹಿಂದಿನ ದಿನನ ಮುಗಿಸಿದ್ನ್ರಿ."

ಲಿಫ್ಟಿನ ಬಾಗಿಲು ಮುಚ್ಚಿತು.

ಓದದೆ ಮಾತಾಡುವವರಿಗೆ ನಾನು ಯಾವಾಗಲೂ ಸೊನ್ನೆ ಕೊಡುತ್ತೇನೆ. ಪೂರ್ತಿ ಓದಿ, ಓದದವರ ಹಾಗೆ ಮಾತಾಡಿದವರಿಗೆ ಎಷ್ಟು ಕೊಡಲಿ?