ಏಪ್ರಿಲ್‌ನಲ್ಲಿ ಸೋರುವ ಮನೆ
ಏಪ್ರಿಲ್ ಬಂದರೆ ಗೋಪನಕೊಪ್ಪದ ಗುರುಶಾಂತಪ್ಪನ ಮನೆಗೆ ತಟ್ಟನೆ ವಯಸ್ಸಾಗುತ್ತದೆ. ಆಸ್ತಿ ಕರ ತುಂಬುವ ಕೌಂಟರಿನಲ್ಲಿ ಮುಖ ಸಣ್ಣದು ಮಾಡಿ, "ಏನ್ ಮನಿರೀ, ಹಳೇ ಗ್ವಾಡಿ, ಸೋರೋ ಮಾಳಗಿ. ಹತ್ತು ಲಕ್ಷ ಬಂದ್ರ ಭಾಳ ಆತು" ಎಂದು ಹಾಗೆಯೇ ಬರೆಸುತ್ತಾನೆ. ಅದೇ ಸಂಜೆ ದುರ್ಗದಬೈಲಿನ ಚಹಾದಂಗಡಿಯಲ್ಲಿ ಕಾಲಮೇಲೆ ಕಾಲು ಹಾಕಿ, "ಎರಡು ಕೋಟಿ ಕೊಟ್ರೂ ಕೊಡಂಗಿಲ್ಲ" ಎನ್ನುತ್ತಾನೆ. ಎಲ್ಲರೂ ಬರೆಸುವುದೇ ಹಾಗೆ ಎಂದು ಒಳಗೊಳಗೇ ಸಮಾಧಾನ. ಈ ವರ್ಷ ಅಪ್ಪ ಬಿಟ್ಟುಹೋದ ಇದೇ ಮನೆಯಲ್ಲಿನ ತನ್ನ ಹಕ್ಕು ಬಿಟ್ಟುಕೊಡಲು ಸೊಲ್ಲಾಪುರದಿಂದ ಬಂದ ತಂಗಿ ನೀಲವ್ವನಿಗೂ ಆ ಕರದ ಚೀಟಿಯನ್ನೇ ತೋರಿಸಿ, ಸೋರುವ ಮಾಳಿಗೆಯ ಮಾತನ್ನೇ ಹೇಳಿ, ಚೀಟಿಯಲ್ಲಿದ್ದ ಬೆಲೆಗೇ ಪಾಲು ಕೊಟ್ಟ. ಅವಳು ಓದದೆ ಸಹಿ ಹಾಕಿ, ಅರ್ಧ ದುಡ್ಡನ್ನು ಅವನ ಕೈಗೇ ತಿರುಗಿ ತುರುಕಿದಳು: "ಮಳಿಗಾಲ ಬಂತು, ಮೊದಲ ಮಾಳಗಿ ರಿಪೇರಿ ಮಾಡ್ಸೋ ಅಣ್ಣಾ." ಒಂದು ಹನಿಯೂ ಸೋರದ ಆ ಮಾಳಿಗೆಯನ್ನು ಅಂದಿನಿಂದ ಅವನು ತಲೆಯೆತ್ತಿ ನೋಡಿಲ್ಲ.