ಮೀನಖಂಡ ಹಿಡಿಯುವ ಹುಣಸೆಮರ

ನಿವೃತ್ತಿಗೆ ಎರಡು ವರ್ಷ ಮೊದಲು ನಾನು ಹಾನಗಲ್ ತಾಲ್ಲೂಕಿನ ತಿಳವಳ್ಳಿ ಸಮೀಪದ ಹಳ್ಳಿಯೊಂದರಲ್ಲಿ ವೈದ್ಯನಾಗಿದ್ದೆ. ಒಂದು ಮಧ್ಯಾಹ್ನ ಫಕ್ಕೀರಪ್ಪ ಎಂಬ ರೈತರನ್ನು ಅವರ ಹೆಂಡತಿ ಶಾಂತವ್ವ ಕರೆತಂದರು. ವಯಸ್ಸು ಐವತ್ತೆಂಟು. ಬಲಗಾಲಿಗೆ ಕಪ್ಪು ದಾರ ಕಟ್ಟಿತ್ತು.

“ಗದ್ದಿ ದಾರ್ಯಾಗ ಹುಣಸಿಮರ ಐತ್ರಿ. ಅಲ್ಲಿಗೆ ಹೋದಕೂಡ್ಲೆ ಹಿಂದಿನಿಂದ ಯಾರೋ ಮೀನಖಂಡ ಹಿಂಡ್ತಾರ್ರಿ. ನಿಂತ್ರ ಬಿಡ್ತೈತಿ, ನಡದ್ರ ಮತ್ತ ಹಿಡೀತೈತಿ,” ಎಂದು ಫಕ್ಕೀರಪ್ಪ ತಗ್ಗಿದ ದನಿಯಲ್ಲಿ ಹೇಳಿದರು.

ಹೋದ ವರ್ಷ ಅದೇ ಮರದ ಕೆಳಗೆ ಅವರ ಅಣ್ಣ ಎದೆ ಹಿಡಿದುಕೊಂಡು ಕುಸಿದು ಸತ್ತಿದ್ದರು. “ಅಣ್ಣನೇ ಕರಿಯಾಕತ್ತಾನ ಅಂತಾರ್ರಿ ಊರಾಗ,” ಎಂದರು ಶಾಂತವ್ವ.

“ಮರ ಇಲ್ಲದ ಕಡೆ ನಡಿಯೋಣು ಬರ್ರಿ,” ಎಂದು ಅವರನ್ನು ಊರಿನ ಇನ್ನೊಂದು ದಿಕ್ಕಿಗೆ ಕರೆದುಕೊಂಡು ಹೋದೆ. ರಸ್ತೆಯ ಎರಡೂ ಬದಿ ಆಳೆತ್ತರದ ಗೋವಿನಜೋಳ. ಒಂದು ಎಲೆಯೂ ಅಲುಗುತ್ತಿರಲಿಲ್ಲ. ಫಕ್ಕೀರಪ್ಪ ನಿರಾಳವಾಗಿ ಮಾತಾಡುತ್ತಾ ಬಂದರು. ಇದ್ದಕ್ಕಿದ್ದಂತೆ ಮಾತು ನಿಂತಿತು. ಮುಖ ಬಿಳಿಚಿತ್ತು. ಮೆಲ್ಲಗೆ ಹಿಂದೆ ತಿರುಗಿ ನೋಡಿದರು.

“ಡಾಕ್ಟರ, ಇಲ್ಲೂ ಬಂದಾನ್ರಿ.”

ಕಾರಣ ನನಗೆ ಆಗಲೇ ಹೊಳೆದಿತ್ತು. ಆದರೂ ನಾನೂ ಹಿಂದೆ ತಿರುಗಿ ನೋಡಿದೆ.

ಅಲ್ಲೇ ಕಲ್ಲಿನ ಮೇಲೆ ಕೂರಿಸಿ ಪಾದ ಮುಟ್ಟಿದೆ. ಆ ಬಿಸಿಲಿನಲ್ಲೂ ಬಲಪಾದ ಹೆಣದಂತೆ ತಣ್ಣಗಿತ್ತು. ಪಾದದ ಮೇಲೆ, ಕಣಕಾಲಿನ ಹಿಂದೆ ನಾಡಿ ಹುಡುಕಿದೆ. ಎಡಗಾಲಿನಲ್ಲಿ ಕ್ಷೀಣವಾಗಿ ಸಿಕ್ಕಿತು. ಬಲಗಾಲಿನಲ್ಲಿ ಏನೂ ಇಲ್ಲ.

ಇದು ಪೆರಿಫೆರಲ್ ಆರ್ಟರಿ ಡಿಸೀಸ್. ಕಾಲಿಗೆ ರಕ್ತ ಒಯ್ಯುವ ನಾಳಗಳಲ್ಲಿ ಕೊಬ್ಬು ಕಟ್ಟಿ ದಾರಿ ಕಿರಿದಾಗುತ್ತದೆ. ನಡೆಯುವಾಗ ಸ್ನಾಯುವಿಗೆ ಬೇಕಾದಷ್ಟು ರಕ್ತ ಸಿಗದೆ ನೋವು ಹಿಡಿಯುತ್ತದೆ, ನಿಂತರೆ ಇಳಿಯುತ್ತದೆ. ಆದ್ದರಿಂದಲೇ ಯಾವ ದಿಕ್ಕಿಗೆ ಹೋದರೂ ಹೆಚ್ಚುಕಡಿಮೆ ಅಷ್ಟೇ ದೂರಕ್ಕೆ ಅದು ಬರುತ್ತಿತ್ತು. ಆಸ್ಪತ್ರೆಗೆ ಮರಳಿ ಕಣಕಾಲಿನ ಮತ್ತು ತೋಳಿನ ರಕ್ತದೊತ್ತಡ ಹೋಲಿಸಿ ನೋಡಿದೆ. ಕಣಕಾಲಿನಲ್ಲಿ ತೋಳಿನ ಅರ್ಧದಷ್ಟೇ ಇತ್ತು.

“ಬೀಡಿ ಯಾವಾಗಿಂದ?”

“ಸಣ್ಣಾಂವ ಇದ್ದಾಗಿಂದ್ರಿ. ನಮ್ಮಣ್ಣ ಕಲಿಸಿದ್ನರಿ.”

ಹುಬ್ಬಳ್ಳಿಗೆ ಕಳಿಸಿದೆ. ಅಲ್ಲಿ ನಾಳ ಹಿಗ್ಗಿಸಿ ಸ್ಟೆಂಟ್ ಹಾಕಿದರು. ಫಕ್ಕೀರಪ್ಪ ಬೀಡಿ ಬಿಟ್ಟರು. ಕಾಲು ಉಳಿಯಿತು.

ಮುಂದೊಮ್ಮೆ ಗುಳಿಗೆಗೆಂದು ಬಂದಾಗ ಶಾಂತವ್ವ ಹೊಸ್ತಿಲಲ್ಲೇ ನಿಂತರು. “ನಮ್ಮ ಭಾವನೂ ದಿನಾ ಆ ಮರದ ಕೆಳಗ ನಿಂದರ್ತಿದ್ದರ್ರಿ. ನೆರಳಿಗೆ ನಿಂತಾರ ಅಂತ ನಾವು ಸುಮ್ಮನಿದ್ವಿ.”

ಕಾಲಿನ ನಾಳ ಕಟ್ಟಿದವರಲ್ಲಿ ಹೃದಯದ ನಾಳವೂ ಕಟ್ಟಿರುವುದು ಅಪರೂಪವಲ್ಲ. ಆ ಮನುಷ್ಯ ದಿನವೂ ಎಲ್ಲರ ಕಣ್ಣೆದುರೇ ನಿಲ್ಲುತ್ತಿದ್ದರು.

ಅಂದಿನಿಂದ, ನಿವೃತ್ತಿಯ ನಂತರವೂ, ಬೀಡಿ ಸೇದುವವರು, ಸಕ್ಕರೆ ಕಾಯಿಲೆ ಅಥವಾ ಬಿ.ಪಿ. ಇರುವವರು ಬಂದರೆ ಚಪ್ಪಲಿ ಬಿಡಿಸಿ ಪಾದದ ನಾಡಿ ಮುಟ್ಟಿ ನೋಡುತ್ತೇನೆ. ಕಾಲುನೋವನ್ನು ವಯಸ್ಸಿನ ಲೆಕ್ಕಕ್ಕೆ ಹಾಕಿ ಯಾರನ್ನೂ ಮನೆಗೆ ಕಳಿಸುವುದಿಲ್ಲ. ಮೊದಲು ಕೇಳುವುದು ಒಂದೇ: “ನಡಕೋತ ಹೊಂಟಾಗ ಎಲ್ಲಿ ನಿಂದರ್ತೀರಿ?”