ಕೆಂಪು ಕಾರಿನ ಬ್ಯಾಟರಿ ಯಾಕೆ ಇಳಿಯುತ್ತಿತ್ತು

ನಮ್ಮ ಮನೆಯ ಕೆಂಪು ಕಾರಿಗೆ ಎರಡೇ ಬಾಗಿಲು, ಎರಡೇ ಸೀಟು. ನೆಲಕ್ಕೆ ಎಷ್ಟು ಹತ್ತಿರವೆಂದರೆ, ರೋಣದಿಂದ ಗಜೇಂದ್ರಗಡಕ್ಕೆ ಹೋಗುವಾಗ ರಸ್ತೆಯ ಉಬ್ಬು ಬಂದಲ್ಲೆಲ್ಲ ಹೊಟ್ಟೆ ಉಜ್ಜಿಕೊಂಡೇ ದಾಟಬೇಕು. ಪಂದ್ಯದಲ್ಲಿ ಓಡಬೇಕಾದ ಜಾತಿಯ ಗಾಡಿ ಅದು. ಹುಬ್ಬಳ್ಳಿಯಲ್ಲಿ ಯಾರೋ ಓಡಿಸಿ ಬಿಟ್ಟಿದ್ದನ್ನು, ಹತ್ತಿಗೆ ಒಳ್ಳೆಯ ದರ ಸಿಕ್ಕ ವರ್ಷ ನನ್ನ ಮಗ ಕೊಂಡು ತಂದ. ಅವನು ರೋಣದ ಮಾರುಕಟ್ಟೆಯಲ್ಲಿ ಕಡಲೆ, ಹತ್ತಿ ವ್ಯಾಪಾರ ಮಾಡುವವನು. ತಂದ ದಿನ ಮನೆಯ ಮುಂದೆ ನಿಲ್ಲಿಸಿದವನಿಗೆ ಅದರೊಳಗಿಂದ ಹೊರಗೆ ಬರಲಾಗಲಿಲ್ಲ. ಇಬ್ಬರು ಹಮಾಲರು ಕೈ ಹಿಡಿದು ಎಳೆದರು.

"ಸಾವಕಾಶ ಎಳೀರೆಪಾ. ಹೆರಿಗಿ ಚಲೋ ಆತಂದ್ರ ಪೇಡೆ ಹಂಚತೀನಿ" ಎಂದು ನಾನು ಕಟ್ಟೆಯ ಮೇಲಿನಿಂದ ಕೂಗಿದೆ. ಆಮೇಲೆ ಎಷ್ಟೋ ದಿನ ಮಗ ನನ್ನೊಡನೆ ಮಾತು ಬಿಟ್ಟಿದ್ದ.

ಅವನ ಹೊಟ್ಟೆಗೂ ಆ ಸೀಟಿಗೂ ಕೂಡಿಬರದ ಕಾರಣ ಕಾರು ಮೊಮ್ಮಗಳ ಪಾಲಿಗೆ ಬಂತು. ಅವಳು ಗಜೇಂದ್ರಗಡದ ಕಾಲೇಜೊಂದರಲ್ಲಿ ಗಣಿತ ಕಲಿಸುತ್ತಾಳೆ. ತಾಯಿ ತೀರಿಕೊಂಡಾಗ ಅವಳಿನ್ನೂ ಸಾಲಿಯ ಮುಖ ಕಂಡಿರಲಿಲ್ಲ. ಬೆಳೆಸಿದವರು ಅವಳ ಅಪ್ಪ ಮತ್ತು ನಾನು. ಪಕ್ಕದ ಸೀಟಿನಲ್ಲಿ ಹೇಗೋ ತೂರಿಕೊಂಡು ಕುಳಿತು, ಕ್ಲಚ್ ಎಲ್ಲಿಯವರೆಗೆ ಒತ್ತಬೇಕು, ಗೇರ್ ಯಾವಾಗ ಬದಲಿಸಬೇಕು ಎಂದು ಅಪ್ಪನೇ ಅವಳಿಗೆ ಕಲಿಸಿದ. ಕಾರು ಕೈಗೆ ಬಂದ ಮೇಲೆ ಅವಳು ಗಣಿತದಲ್ಲಿ ಹಿಂದೆ ಬಿದ್ದ ಹುಡುಗಿಯರಿಗೆ ಸಂಜೆಯ ಪಾಠ ಶುರುಮಾಡಿದಳು. ಅದು ಮುಗಿಯುವ ಹೊತ್ತಿಗೆ ರೋಣಕ್ಕೆ ಬರುವ ಬಸ್ಸು ಹೋಗಿಬಿಟ್ಟಿರುತ್ತದೆ. ಹಾಗಾಗಿ ಕಾರು ಇದ್ದರಷ್ಟೇ ಆ ಪಾಠ.

"ನನ್ನ ಮಗಳು ಬಸ್ಸಿಗೆ ಕಾಯೂದಿಲ್ರಿ" ಎಂದು ಮಗ ಮಾರುಕಟ್ಟೆಯಲ್ಲಿ ಹೇಳಿಕೊಂಡು ತಿರುಗಿದ. ಆಗ ಅದು ಖರೇ ಹೆಮ್ಮೆಯೇ ಆಗಿತ್ತು.

ಆಮೇಲೆ ಬ್ಯಾಟರಿಯ ಕಾಟ ಹತ್ತಿಕೊಂಡಿತು. ಶನಿವಾರ ತಂದು ನಿಲ್ಲಿಸಿದ ಕಾರು ಸೋಮವಾರ ಬೆಳಿಗ್ಗೆ ಸತ್ತು ಬಿದ್ದಿರುತ್ತಿತ್ತು. ಕೀಲಿ ತಿರುವಿದರೆ ಟಿಕ್ ಟಿಕ್ ಎಂದು ಸುಮ್ಮನಾಗುತ್ತಿತ್ತು. ಗೇರಿನ ಗಾಡಿ, ದಬ್ಬಿ ಚಾಲೂ ಮಾಡಬಹುದು, ಅದೊಂದೇ ಪುಣ್ಯ. ಮೊಮ್ಮಗಳು ಎರಡನೇ ಗೇರ್ ಹಾಕಿ ಕ್ಲಚ್ ಒತ್ತಿಕೊಂಡು ಕೂಡುವಳು. ಓಣಿಯವರು ಹಿಂದಿನಿಂದ ದಬ್ಬುವರು. ಓಟ ಹಿಡಿದೊಡನೆ ಅವಳು ಕ್ಲಚ್ ಬಿಡುವಳು, ಗಾಡಿ ಒಮ್ಮೆ ಮುಗ್ಗರಿಸಿ ಗುಡುಗುತ್ತ ಎದ್ದು ಹೋಗುವುದು. ನಾನೂ ಒಂದು ಬೆರಳು ಹಚ್ಚುತ್ತಿದ್ದೆ.

"ಏನ್ರಿ ಆಯಿ, ಇಷ್ಟ ಚಂದನ ಗಾಡಿಗೆ ವಾರಾ ವಾರಾ ದಬ್ಬೂದ ಆತು. ಮುಂದ ಒಂದ ಎತ್ತಾದ್ರೂ ಕಟ್ರಿ" ಅಂದಳು ಎದುರುಮನೆಯವಳು.

"ಕಟ್ಟತಿದ್ದೆವಾ. ನಿನ್ನ ಗಂಡ ಖಾಲಿ ಅದಾನೇನು ಕೇಳು" ಅಂದೆ.

ಮಗ ಮಾತ್ರ ನಗುತ್ತಿರಲಿಲ್ಲ.

"ಲೈಟ ಹಂಗ ಬಿಟ್ಟ ಬರ್ತಿ. ಬಾಗಲಾ ಬರೋಬರಿ ಹಾಕೂದಿಲ್ಲ. ಲಕ್ಷ್ಯ ಎಲ್ಲಿರತೈತಿ ನಿಂದು?"

"ಎಲ್ಲಾ ಬಂದ್ ಮಾಡಿ, ಸುತ್ತ ತಿರುಗಿ ನೋಡೇ ಒಳಗ ಬರ್ತೀನಪಾ."

"ಹಂಗಾದ್ರ ಕರೆಂಟ ಯಾರ ಕುಡೀತಾರ? ದೆವ್ವ ಕುಡೀತೈತೇನು?"

ಹೊಸ ಬ್ಯಾಟರಿ ತಂದು ಹಾಕಿದರು. ಮುಂದಿನ ಸೋಮವಾರ ಅದೂ ಸತ್ತಿತ್ತು. ಓಣಿಯವರು ದಬ್ಬಲು ಸೇರಿದ್ದಾಗಲೇ, ಎಲ್ಲರೂ ಕೇಳುವಂತೆ ಮಗ ಹೇಳಿದ: "ಇನ್ನೊಮ್ಮಿ ಹಿಂಗಾತಂದ್ರ ಕೀಲಿ ನನ್ನ ಕೈಯಾಗ ಕೊಟ್ಟಬಿಡು. ಒಂದ ಗಾಡಿ ಸಂಭಾಳಸಾಕ ಬರದಾಕಿ, ಊರ ಹುಡುಗ್ಯಾರಿಗೆ ಏನ ಕಲಸ್ತಿ?"

ಮೊಮ್ಮಗಳು ಬಾಗಿಲು ಎಳೆದುಕೊಂಡು, "ದಬ್ರಿ" ಎಂದಷ್ಟೇ ಓಣಿಯವರಿಗೆ ಹೇಳಿದಳು.

ಆ ವಾರವೆಲ್ಲ ಅವಳು ಫೋನಿನಲ್ಲಿ ಓದಿದಳು. ನನಗೆ ಫೋನಿನಲ್ಲಿ ಅಕ್ಷರ ಒತ್ತಲು ಕಲಿಸಿದವಳೂ ಅವಳೇ, ಆದ್ದರಿಂದ ಓದಿದ್ದನ್ನು ನನಗೂ ತೋರಿಸಿದಳು. ಬಂದ್ ಮಾಡಿ ಬೀಗ ಹಾಕಿದ ಮೇಲೂ ಗಾಡಿಯೊಳಗೆ ಏನೋ ಒಂದು ಎಚ್ಚರವಿದ್ದು ಕರೆಂಟು ಎಳೆಯುತ್ತಿರಬೇಕು. ಬ್ಯಾಟರಿಗೆ ಮೀಟರ್ ಹಚ್ಚಿ, ಫ್ಯೂಸುಗಳನ್ನು ಒಂದೊಂದಾಗಿ ಕಿತ್ತು ನೋಡಬೇಕು. ಯಾವುದನ್ನು ಕಿತ್ತಾಗ ಮೀಟರಿನ ಅಂಕಿ ಇಳಿಯುತ್ತದೋ ಕಳ್ಳ ಆ ದಾರಿಯಲ್ಲಿದ್ದಾನೆ.

"ಸುಮ್ಮ ಯಾಕ ಗಾಡಿ ಬಿಚ್ಚತೀರಿ? ಇನ್ನೊಂದ ಬ್ಯಾಟರಿ ಹಾಕಿದ್ರಾತು" ಅಂದ ಮಗ. ಹಿಡಿ ಕಡಲೆಗೂ ಚೌಕಾಸಿ ಮಾಡುವ ಮನುಷ್ಯ ಬ್ಯಾಟರಿ ಕೊಳ್ಳಲು ಇಷ್ಟು ಉದಾರಿ ಆದನಲ್ಲ ಎಂದು ನನಗೆ ಆಗಲೇ ಅನಿಸಿತು. ನಾನೇ ಹಟ ಹಿಡಿದು ನರಗುಂದದಿಂದ ಗಾಡಿ ರಿಪೇರಿ ಮಾಡುವವನನ್ನು ರವಿವಾರ ಕರೆಸಿದೆ.

ಅವನು ಭಾರೀ ಬಾಯಿಯ ಮನುಷ್ಯ. "ನನ್ನ ಕೈಯಾಗ ಸಿಕ್ಕ ಮ್ಯಾಲ ಮುಗೀತ್ರಿ ಆಯಿ. ಇದು ಹಾರ್ನಿಂದ ತ್ರಾಸ, ನೋಡೂದ ಬ್ಯಾಡ" ಅಂದ. ಹಾರ್ನ್ ಬಿಚ್ಚಿದ, ಅಂಕಿ ಅಲುಗಲಿಲ್ಲ. "ಹಂಗಾದ್ರ ರೇಡಿಯೋರಿ, ಬರದ ಕೊಡ್ತೀನಿ" ಅಂದ. ಅದೂ ಅಲ್ಲ. ಕೊನೆಗೆ ಮೊಮ್ಮಗಳೇ, "ಮೊದಲಿಂದ ಒಂದೊಂದ ಫ್ಯೂಸ್ ತಗೀರಿ" ಎಂದು ಅವನ ಪಕ್ಕ ನಿಂತಳು. ಅವನು ತೆರೆದಿದ್ದ ಬಾಗಿಲಿನ ಕೊಂಡಿಯನ್ನು ಸ್ಕ್ರೂಡ್ರೈವರಿನಿಂದ ಒತ್ತಿ, ಬಾಗಿಲು ಮುಚ್ಚಿದೆ ಎಂದು ಗಾಡಿಯನ್ನು ನಂಬಿಸಿದ. ಕೀಲಿಯ ಸುಳಿವು ಗಾಡಿಗೆ ಸಿಗಬಾರದೆಂದು ಅದನ್ನು ನನ್ನ ಎಲೆಯಡಿಕೆಯ ಚೀಲದಲ್ಲಿ ಹಾಕಿ ನನ್ನನ್ನು ದೂರ ಕೂಡಿಸಿದರು. ಗಾಡಿ ಮಲಗಲೆಂದು ಎಲ್ಲರೂ ಕಾದೆವು. ಮಗ ಕಟ್ಟೆಯ ಮೇಲೆ ನನ್ನ ಪಕ್ಕದಲ್ಲೇ ಬಸಿಯಲ್ಲಿ ಚಹಾ ಕುಡಿಯುತ್ತಿದ್ದ.

ಮೊದಲು ಮೀಟರ್ ಹಚ್ಚಲು ಬ್ಯಾಟರಿಯ ವೈರು ಕಳಚಿದಾಗ ಮಗನ ಕಿಸೆಯಲ್ಲಿ ಫೋನು ಟಿಣ್ ಅಂದಿತ್ತು. ನಾನು ಅದನ್ನು ಮನಸ್ಸಿಗೆ ಹಚ್ಚಿಕೊಂಡಿರಲಿಲ್ಲ. ಈಗ ಫ್ಯೂಸುಗಳು ಒಂದಾದ ಮೇಲೊಂದು ಬಂದವು, ಹೋದವು. ಒಂದನ್ನು ಕಿತ್ತೊಡನೆ ಮೊಮ್ಮಗಳು, "ಇಳೀತು! ಅಂಕಿ ಇಳೀತು!" ಎಂದು ಕೂಗಿದಳು. ಅದೇ ಗಳಿಗೆಯಲ್ಲಿ ನನ್ನ ಪಕ್ಕದ ಕಿಸೆ ಮತ್ತೆ ಟಿಣ್ ಅಂದಿತು.

ಮಗ ಫೋನು ತೆಗೆದು ನೋಡಿ ಕಟ್ಟೆಯ ಮೇಲೆ ಬೋರಲು ಹಾಕಿದ.

"ಯಾರದೋ?" ಅಂದೆ.

"ಯಾರದೂ ಇಲ್ಲ, ಕಂಪನಿದು."

"ಹೊಳ್ಳಿ ಹಾಕಪಾ ಆ ಫ್ಯೂಸು" ಎಂದು ನರಗುಂದದವನಿಗೆ ಕೂಗಿ ಹೇಳಿದೆ. ಅವನು ಹಾಕಿದ. "ಈಗ ಹೊಳ್ಳಿ ಕೀಳು." ಕಿತ್ತ. ಫೋನು ಮತ್ತೆ ಟಿಣ್ ಅಂದಿತು. ಮಗ ಕೈ ಚಾಚುವುದರೊಳಗೆ ನಾನು ಅದನ್ನು ಎತ್ತಿಕೊಂಡಿದ್ದೆ. ಇಂಗ್ಲಿಷು ನನಗೆ ಬಾರದು. ಆದರೆ ಚಿತ್ರ ತಿಳಿಯುತ್ತದೆ. ನಕಾಶೆಯ ಮೇಲೆ ನಮ್ಮ ಓಣಿ, ಓಣಿಯಲ್ಲಿ ನಮ್ಮ ಮನೆ, ಮನೆಯ ಮುಂದೆ ಸಣ್ಣದೊಂದು ಕಾರು.

ನರಗುಂದದವನು ಸ್ಟಿಯರಿಂಗಿನ ಕೆಳಗೆ ತಲೆ ತೂರಿಸಿ, ಆ ಫ್ಯೂಸಿನ ವೈರಿಗೆ ಸುತ್ತಿದ ಒಂದು ಕರಿಯ ಡಬ್ಬಿಯನ್ನು ಹೊರಗೆಳೆದ. ಹೆಬ್ಬೆರಳಿಗಿಂತ ತುಸು ದೊಡ್ಡದು.

"ಒಳಗ ಸಿಮ್ ಐತ್ರಿ. ಗಾಡಿ ಎಲ್ಲೆಲ್ಲಿ ಹೋಗತೈತಿ ಅಂತ ಫೋನ್ಯಾಗ ತೋರಸೂದು, ಕರೆಂಟ ಕಡದ್ರ ಟಿಣ್ ಅಂತ ಸುದ್ದಿ ಕಳಸೂದು. ಹಚ್ಚಿದಾಂವ ಎಡವಟ್ಟ ಹಚ್ಯಾನ, ಗಾಡಿಗೆ ಮಲಗಾಕ ಬಿಡವಲ್ದು. ಇದನ್ನ ಯಾರ್ ಹಚ್ಚಿಸಿದ್ದು ಸಾವಕಾರ್ರ?" ಎಂದು ಅವನು ಮಗನನ್ನೇ ಕೇಳಿದ. ನಾನೂ ಮೊಮ್ಮಗಳೂ ಮಗನತ್ತ ತಿರುಗಿದೆವು. ತನ್ನ ಬಾಯಿ ಹೆಚ್ಚಾಯಿತೆಂದು ಅವನಿಗೂ ತಿಳಿದಿರಬೇಕು, ಮೀಟರಿನ ವೈರು ಸುತ್ತತೊಡಗಿದ.

"ಹೆಣ್ಣ ಹುಡುಗಿ, ಒಬ್ಬಾಕಿ ಅಡ್ಡಾಡತಾಳ. ಕಾಳಜಿಗೆ ಹಚ್ಚಿಸಿದ್ದು" ಅಂದ ಮಗ, ಮಗಳಿಗಲ್ಲ, ನನಗೆ.

"ಕಾಳಜಿ ಇದ್ರ ಆಕಿಗೆ ಹೇಳಿ ಹಚ್ಚಬೇಕಿತ್ತು."

"ಗಜೇಂದ್ರಗಡಕ್ಕ ಹೊಂಟೀನಿ ಅಂದಾಕಿ ಗಾಡಿ ನರಗುಂದದಾಗ ನಿಂತಿತ್ತಂತ. ಮಾರ್ಕೆಟಿನಾಗ ನಾಕ ಮಂದಿ ಮುಂದ ಹೇಳಿದ್ರು. ನಾ ಏನ ಮಾಡ್ಲಿ?"

"ಆ ಗಾಡ್ಯಾಗ ನಾ ಇದ್ನಲ್ಲೋ! ಹೊಂಡೂ ಹೊತ್ತಿಗೆ ಕಾಲೇಜಿಗೆ ಸೂಟಿ ಅಂತ ಫೋನ ಬಂತು, ಕರಕೊಂಡ ಹೋಗು ಅಂತ ನಾನ ಬೆನ್ನ ಹತ್ತಿದ್ದೆ. ಗುಡ್ಡದ ಬುಡಕ ಕುಂತು ಇಬ್ಬರೂ ಮಿರ್ಚಿ ಭಜಿ ತಿಂದ ಬಂದ್ವಿ. ಆ ಸೀಟಿನಾಗ ಕುಂತ್ರ ನನ್ನ ತಲಿ ಕಿಟಕಿಗೆ ಹತ್ತೂದಿಲ್ಲ. ಕಾಣಲಿಲ್ಲ ಮಂದಿಗೆ."

"ಹೇಳಬೇಕಿಲ್ಲೇನವಾ?"

"ಕೇಳಬೇಕಿಲ್ಲೇನಪಾ?"

ಮೊಮ್ಮಗಳು ಆ ಡಬ್ಬಿಯನ್ನು ಅಂಗೈಯಲ್ಲಿ ಹಿಡಿದು ನೋಡುತ್ತಿದ್ದಳು. ನರಗುಂದದ ಮಾತನ್ನು ಅವಳು ಎತ್ತಲೇ ಇಲ್ಲ.

"ಅಪ್ಪಾ, ಬ್ಯಾಟರಿ ಇದರಿಂದ ಇಳೀತಿರಬೇಕು ಅಂತ ನಿನಗ ಸಂಶೆ ಬಂದಿತ್ತೇನು?"

ಮಗ ಬಸಿಯನ್ನು ನೋಡಿದ. ಅದರಲ್ಲಿ ಚಹಾ ಇರಲಿಲ್ಲ. "ಇಷ್ಟ ಸಣ್ಣದು ಅಷ್ಟ ಕುಡೀತೈತಿ ಅಂತ..." ಅಂದವನು ಅಲ್ಲಿಗೇ ನಿಲ್ಲಿಸಿದ. ಸಂಶಯ ಬಂದಿರಲಿಲ್ಲ ಎಂದು ಅವನು ಹೇಳಲಿಲ್ಲ. ಹೇಳಲಿ ಎಂದು ನಾನು ಕಾದೆ. ಹೆತ್ತವಳಲ್ಲವೇ, ಸುಳ್ಳಾದರೂ ಹೇಳಲಿ ಎಂದು ಕಾದೆ.

"ಹೊಳ್ಳಿ ಹಚ್ಚಿಬಿಡ್ರಿ" ಎಂದು ಮೊಮ್ಮಗಳು ಡಬ್ಬಿಯನ್ನು ನರಗುಂದದವನಿಗೆ ಕೊಟ್ಟಳು.

"ಹಚ್ಚಿದ್ರ ಮತ್ತ ಬ್ಯಾಟರಿ ಇಳೀತೈತ್ರಿ ಬಾಯಾರ."

"ಇಳೀಲಿ."

ನನ್ನ ಚೀಲದಿಂದ ಕೀಲಿ ತೆಗೆದು ಅಪ್ಪನ ಪಕ್ಕ ಕಟ್ಟೆಯ ಮೇಲಿಟ್ಟಳು. "ಕೀಲಿ ಕೇಳಿದ್ಯಲ್ಲ, ತಗೋ" ಅಂದಳು. ಸಿಟ್ಟು ಮಾಡಿದ್ದರೆ ಚಲೋ ಇತ್ತು. ಅತ್ತಿದ್ದರೂ ಚಲೋ ಇತ್ತು. ಅವಳು ಕೈತೊಳೆದುಕೊಂಡು ಒಳಗೆ ಹೋಗಿ ಅಡುಗೆಗೆ ಇಟ್ಟಳು.

ಈಗ ಅವಳು ಬಸ್ಸಿಗೆ ಹೋಗುತ್ತಾಳೆ, ಬಸ್ಸಿಗೆ ಬರುತ್ತಾಳೆ. ಸಂಜೆಯ ಪಾಠ ನಿಂತಿದೆ. ಆ ಹುಡುಗಿಯರಲ್ಲಿ ಒಬ್ಬಳು ಇವಳಿಗೆ ಫೋನು ಮಾಡಿ, "ಮತ್ತ ಯಾವಾಗ ಶುರು ಮಾಡ್ತೀರಿ ಮೇಡಂ?" ಎಂದು ಕೇಳಿದ್ದು ನನಗೂ ಕೇಳಿಸಿತು. "ಗಾಡಿ ಕೆಟ್ಟೈತಿ" ಅಂದಳು. ಅಪ್ಪನ ಹೆಸರು ತೆಗೆಯಲಿಲ್ಲ.

ಕಾರು ಮನೆಯ ಮುಂದೆ ನಿಂತಿದೆ. ಅದರ ಮೇಲೆ ಧೂಳು ಕೂತಿದೆ, ಎದುರುಮನೆಯ ಬೆಕ್ಕೂ ಕೂತಿದೆ. ಬ್ಯಾಟರಿ ಪೂರ್ತಿ ಇಳಿದುಹೋದ ಮೇಲೆ ಆ ಟಿಣ್ ಕೂಡ ನಿಂತುಹೋಯಿತು. ಮಗನ ಫೋನಿನಲ್ಲಿ ಮಾತ್ರ ಆ ಸಣ್ಣ ಕಾರು ಇದ್ದಲ್ಲೇ ಇದೆ. ಅವನು ಡಬ್ಬಿ ಕೀಳಿಸುತ್ತೇನೆ, ಹೊಸ ಬ್ಯಾಟರಿ ಹಾಕಿಸುತ್ತೇನೆ ಅಂದ. ಅವಳು, "ನಿನ್ನ ಗಾಡಿ, ನಿನ್ನ ಮರ್ಜಿ ಅಪ್ಪಾ" ಅಂದಳು. ಅವನು ಕೀಳಿಸಲೂ ಇಲ್ಲ. ಕೀಳಿಸಿದರೆ ಓಡಿಸುವವರಾರು?

ದಿನಾ ಬೆಳಿಗ್ಗೆ ಗಜೇಂದ್ರಗಡದಲ್ಲಿ ಇಳಿದೊಡನೆ ಅವಳು ನನ್ನ ಫೋನಿಗೆ "ಮುಟ್ಟಿದೆ ಆಯಿ" ಎಂದು ಬರೆದು ಕಳಿಸುತ್ತಾಳೆ. ನಾನು ಒಂದೊಂದೇ ಅಕ್ಷರ ಹುಡುಕಿ ಒತ್ತಿ "ಚಲೋ ಆತವಾ" ಎಂದು ಬರೆಯುತ್ತೇನೆ. ಮಗ ಅಂಗಡಿಗೆ ಹೊರಡುವುದನ್ನು ತಡಮಾಡಿ, ಚಪ್ಪಲಿ ಹುಡುಕುವ ನೆಪದಲ್ಲಿ ಕಟ್ಟೆಯ ಸುತ್ತ ಸುಳಿಯುತ್ತಾನೆ.

"ಮುಟ್ಟಿದ್ಲಂತೇನವಾ?" ಎಂದು ನಿನ್ನೆ ಕೇಳಿದ.

ನಾನು ಫೋನನ್ನು ಕಟ್ಟೆಯ ಮೇಲೆ ಬೋರಲು ಹಾಕಿದೆ.

"ನಿನ್ನ ಫೋನ್ಯಾಗ ನೋಡಕೋ" ಅಂದೆ.